ಅಮ್ಮ ಪಾಲು ಮಾಡಿದ ಮಾತ್ರೆಗಳು

ಮನೆಯಿಂದ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೆಂದು ಮಾತ್ರ ಬರೆಯಬೇಡ, ನಿನ್ನ ಕಡಿಮೆ ಎಷ್ಟೆಂದು ನನಗೆ ಗೊತ್ತು. ಸಂಜೆ ಜ್ವರ ಬರುತ್ತಿದೆಯೇ, ಪ್ಯಾಂಟು ಸಡಿಲವಾಗಿದೆಯೇ, ಅದನ್ನು ಹೇಳು. ಹತ್ತು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಅಕ್ಕ ಬೈಯುತ್ತಾಳೆ ಎಂದು ತಾನೇ? ಕಾಗದವಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯ ಸುದ್ದಿ ಚೆನ್ನಾಗಿಲ್ಲ. ಅಮ್ಮನ ಟಿಬಿ ವಾಸಿಯಾಗಿಲ್ಲ. ಐದು ತಿಂಗಳು ಮಾತ್ರೆ ಕೊಟ್ಟ ಮೇಲೂ ಕಫದಲ್ಲಿ ರೋಗಾಣು ಹಾಗೇ ಇದೆ. ಕ್ಲಿನಿಕ್ಕಿನ ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ನೋಡಿ, "ನುಂಗಿದ್ದನ್ನ ನೀವೇ ನೋಡಿದ್ರಾ?" ಎಂದು ಕೇಳಿದರು. ನೋಡಿದೆ ಎಂದೆ. ಅವರ ಕೈಕೆಳಗೆ ದುಡಿದ ಹದಿನಾಲ್ಕು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ನನ್ನ ಕೆಲಸ ನಿನಗೆ ಗೊತ್ತಲ್ಲ, ದಿನವೂ ಟಿಬಿ ರೋಗಿಗಳ ಇಪ್ಪತ್ತೆರಡು ಮನೆ ಹತ್ತಿಳಿದು, ಎದುರಿಗೇ ಮಾತ್ರೆ ನುಂಗಿಸಿ, ನಾಲಿಗೆ ಎತ್ತಿಸಿ ನೋಡಿ, ಆಮೇಲೆ ಕಾರ್ಡಿನಲ್ಲಿ ಗುರುತು ಹಾಕುವುದು. ಮೂತ್ರ ಕೆಂಪಗೆ ಬಂತೇ ಎಂದು ಗಂಡಸರನ್ನೂ ನಾಚದೆ ಕೇಳುತ್ತೇನೆ. ಮದ್ದು ಒಳಗೆ ಹೋಗಿದ್ದರೆ ಕೆಂಪಗಿರಬೇಕು. ಮನೆಯಲ್ಲಿ ಮಾತ್ರ ಅಮ್ಮನ ಅಂಗೈಗೆ ಮಾತ್ರೆ ಹಾಕಿ, ಗುರುತೂ ಹಾಕಿ, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ. "ಹೋಗೇ, ನುಂಗ್ತೀನಿ. ಹೆತ್ತವಳಿಗೂ ಕಾವಲಾ?" ಎನ್ನುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಆ ದಿನ ಕ್ಲಿನಿಕ್ಕಿನಿಂದ ಇಬ್ಬರೂ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನೇ ಬಾಯಿಬಿಟ್ಟಳು. ನಿನಗೂ ಅದೇ ಕೆಮ್ಮು ಎಂದು ಅವಳಿಗೊಬ್ಬಳಿಗೇ ಹೇಳಿದ್ದೆಯಂತೆ. ದಿನ ಬಿಟ್ಟು ದಿನ ನುಂಗಿ, ಉಳಿದದ್ದನ್ನು ನಿನಗೆ ಕಳಿಸುವ ಅಂಗಿಗಳ ಜೇಬಿನಲ್ಲಿಟ್ಟು ಪಿನ್ನು ಹಾಕುತ್ತಿದ್ದಳಂತೆ. "ಆಸ್ಪತ್ರೆಗೆ ಹೋದ್ರೆ ಹೊಲಿಗೆ ಕಾರ್ಖಾನೆಯವರು ಕೆಲಸದಿಂದ ಬಿಡಿಸ್ತಾರೆ, ಆ ಎಂಟು ಜನರ ರೂಮಿಂದಾನೂ ಓಡಿಸ್ತಾರೆ ಅಂದ. ನಂದೇ ಮದ್ದು ತಾನೇ, ಹಂಚ್ಕೊಂಡ್ರೆ ಏನಾಯ್ತು?" ಎಂದಳು. ತುತ್ತು ಹಂಚಿದ ಹಾಗೆ ಮದ್ದು ಹಂಚಿದ್ದಾಳೆ, ಪುಟ್ಟ. ಅರ್ಧಂಬರ್ಧ ಮದ್ದಿಗೆ ರೋಗಾಣು ಸಾಯುವುದಿಲ್ಲ, ಪಳಗುತ್ತದೆ. ಈಗ ಆ ಮಾತ್ರೆ ಅವಳಿಗೆ ನಾಟುತ್ತಿಲ್ಲ. ನಿನಗೆ ನಾಟುತ್ತದೆಯೋ ಇಲ್ಲವೋ, ಪರೀಕ್ಷೆ ಮಾಡದೆ ಯಾರಿಗೂ ಗೊತ್ತಿಲ್ಲ. ನನಗೆ ನಿನ್ನ ಮೇಲೆ ಕೋಪ ಬಂದಿದೆ, ಅವಳ ಮೇಲೆ ಬಂದಿದೆ, ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು. ಮರುದಿನ ಹೋಗಿ ಡಾಕ್ಟರಮ್ಮನಿಗೆ ನಿಜ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನಿನಗೊಂದು ಚೀಟಿ ಬರೆದುಕೊಟ್ಟರು. ಇದರೊಳಗಿಟ್ಟಿದ್ದೇನೆ. ಯಾವ ಸರ್ಕಾರಿ ಕ್ಲಿನಿಕ್ಕಿನಲ್ಲಾದರೂ ತೋರಿಸಿ ಕಫ ಕೊಡು. ಜೇಬಿನ ಮಾತ್ರೆ ಇನ್ನು ಮುಟ್ಟಬೇಡ. ಕೆಲಸ ಹೋದರೆ ಹೋಗಲಿ, ಇಲ್ಲಿಗೆ ಬಂದು ನನ್ನ ತಲೆ ತಿನ್ನು.

ದೇವರು ನಿನ್ನನ್ನು ಕಾಯಲಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿದುಕೋ, ಪಕ್ಕದಲ್ಲಿ ಮಲಗುವವರೂ ಯಾರೋ ಹೆತ್ತ ಮಕ್ಕಳು.

ಇತಿ,
ನಿನ್ನ ಅಕ್ಕ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮನಿಗೆ ಹೊಸ ಮದ್ದು ಬಂದು ನಾಲ್ಕು ದಿನವಾಯಿತು, ಒಂದೂ ನುಂಗಿಲ್ಲ. "ಅವನಿಗೂ ಮದ್ದು ಕೊಟ್ರು ಅಂತ ಅವನ ಬಾಯಿಂದಾನೇ ಕೇಳ್ಬೇಕು, ಆಮೇಲೆ ನಾನು" ಎಂದು ಹಟ ಹಿಡಿದು ಕೂತಿದ್ದಾಳೆ. ನಿನ್ನೆಯಿಂದ ಕಫದಲ್ಲಿ ರಕ್ತ ಬರುತ್ತಿದೆ. ಕಾಗದ ಸಿಕ್ಕಿದ ದಿನವೇ ಹೋಗು. ಮದ್ದು ಕೈಗೆ ಬಂದ ತಕ್ಷಣ ಅಲ್ಲಿಂದಲೇ ಫೋನ್ ಮಾಡು. ನನ್ನ ಹತ್ತಿರ ಮಾತಾಡಬೇಡ, ಅವಳಿಗೆ ಹೇಳು.