ಬಾಡಿಗೆ ಮನೆಯಲ್ಲಿ ಪಂಚಕ

೮ ನವೆಂಬರ್ ೧೯೪೫, ಗುರುವಾರ. ಶಹಾಬಾದ

ಬಾವಿಯ ಹಗ್ಗ ಮುಟ್ಟಿದ್ದಕ್ಕೆ ಇವತ್ತೂ ಬೈಸಿಕೊಂಡೆ. ಮನೆಯೊಡತಿ ಪದ್ಮಾಬಾಯಿಯ ಮಡಿನೀರು ಆಗುವ ತನಕ ಬಾಡಿಗೆಯವರು ಬಾವಿ ಕಡೆ ಹೋಗಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ದೀಪ ಹಚ್ಚಿದ ಮೇಲೆ ಒರಳಿನ ಸದ್ದು ಕೂಡದು. ಎಲ್ಲ ಒಪ್ಪಿಯೇ ಎರಡು ಖೋಲಿ ಹಿಡಿದದ್ದು... ಫ್ಯಾಕ್ಟರಿಯವರು, ರೈಲ್ವೆಯವರು ತುಂಬಿಕೊಂಡಿರುವ ಊರು. ನನ್ನಂಥ ಕಲ್ಲುಖಣಿ ಆಫೀಸಿನ ಗುಮಾಸ್ತನಿಗೆ ಬೇರೆ ಖೋಲಿ ಎಲ್ಲಿದೆ?

ಅವ್ವನಿಗೆ ಉಬ್ಬಸ ಹೆಚ್ಚಾಗಿದೆ. ಡಾಕ್ಟರು ನೋಡಿದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಔಷಧದ ಚೀಟಿ ಬರೆಯಲಿಲ್ಲ.

೧೦ ನವೆಂಬರ್, ಶನಿವಾರ

ಪದ್ಮಾಬಾಯಿ ಪಂಚಾಂಗ ಹಿಡಿದು ಬಾಗಿಲಿಗೆ ಬಂದರು.

“ಜಯತೀರ್ಥ, ಸಿಟ್ಟಿಗಿ ಬರಬ್ಯಾಡ. ಸೋಮವಾರ ಸಂಜಿಗಿ ಪಂಚಕ ಹತ್ತತದ. ಬರೋ ಶನಿವಾರ ಮುಂಜಾನಿ ಬಿಡ್ತದ. ನಡುವ ಅವ್ವಗ ಏನರ ಆದ್ರ ಆರು ತಿಂಗಳು ಮನಿಗಿ ಬೀಗ. ಎಲ್ಲಿಗರ ಒಯ್ಯಪ್ಪ.”

ನನಗೇನು ಗೊತ್ತಿಲ್ಲವೇ. ಧನಿಷ್ಠೆಯಿಂದ ರೇವತಿ ತನಕ ಐದು ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡಬೇಕು. ಆದರೂ ಸಿಟ್ಟು ನೆತ್ತಿಗೇರಿತು. “ಕರಾರಿನಾಗ ನಕ್ಷತ್ರ ಬರ್ದಿಲ್ಲ” ಎಂದು ಕೂಗಿದೆ. ಪದ್ಮಾಬಾಯಿ ಅತ್ತರು. ಗಂಡನಿಲ್ಲ, ಮಕ್ಕಳಿಲ್ಲ. ಇರುವುದಕ್ಕೂ ಉಣ್ಣುವುದಕ್ಕೂ ಈ ಮನೆ ಒಂದೇ. ಅವರು ಅತ್ತ ಮೇಲೆ ನನ್ನ ಸಿಟ್ಟು ಎಲ್ಲಿಡಬೇಕೋ ತಿಳಿಯಲಿಲ್ಲ.

೧೨ ನವೆಂಬರ್, ಸೋಮವಾರ

ವಕೀಲರನ್ನು ಕೇಳಿದೆ. ಕಾನೂನು ಬಾಡಿಗೆದಾರನ ಕಡೆ ಇದೆಯಂತೆ, ಸುಮ್ಮನೆ ಯಾರೂ ಬಿಡಿಸುವಂತಿಲ್ಲ. ಗೆದ್ದೆ! ಯಾರ ಮೇಲೆ ಗೆದ್ದೆ?

ನಮ್ಮ ಖಣಿಯಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮ ಫಕೀರಸಾಬ ಸುದ್ದಿ ಕೇಳಿ ಆಫೀಸಿಗೇ ಬಂದ. “ಭಂಕೂರಕ್ಕ ನಮ್ಮ ಮನಿಗಿ ಕರ್ಕೊಂಡು ಬರ್ರಿ. ಹಿಂದಿನ ಖೋಲಿ ಖಾಲಿ ಅದ. ನಮ್ಮಲ್ಲಿ ನಕ್ಷತ್ರ ಗಿಕ್ಷತ್ರ ಇಲ್ಲ.” ಕಣ್ಣು ತುಂಬಿತು. ಬಂಡಿಯ ಕುಲುಕಾಟಕ್ಕೆ ಅವ್ವ ಉಳಿಯಲಾರಳು ಎಂದೆ. ಅಲ್ಲಿ ಅವಳು ನೀರು ಮುಟ್ಟುವುದಿಲ್ಲ ಎಂಬುದನ್ನು ಹೇಳಲಿಲ್ಲ. ಅವನಿಗೆ ತಿಳಿಯಿತು. ತಲೆ ತಗ್ಗಿಸಿದ್ದು ನಾನು.

ಮನೆಗೆ ಬಂದರೆ ಅವ್ವ ಗೋಡೆಗೆ ಒರಗಿ ಎದ್ದು ಕೂತಿದ್ದಾಳೆ. ಪದ್ಮಾಬಾಯಿ ಅಂದದ್ದೆಲ್ಲ ಅವತ್ತೇ ಕೇಳಿಸಿತ್ತಂತೆ.

“ಐದು ದಿನ ಹೌದಿಲ್ಲೋ? ತಡಿತೀನಿ. ಆ ಹೆಣ್ಮಗಳ ಮನಿ ಮುಚ್ಚಬಾರ್ದು.”

೧೪ ನವೆಂಬರ್, ಬುಧವಾರ

ಅವ್ವ ಮಲಗುವುದಿಲ್ಲ. “ಕಣ್ಣ ಮುಚ್ಚಿದ್ರ ಹೋಗೇಬಿಟ್ಟೇನು” ಅನ್ನುತ್ತಾಳೆ. ತೂಕಡಿಕೆ ಬಂದರೆ ತನ್ನ ತೊಡೆ ತಾನೇ ಚಿವುಟಿಕೊಳ್ಳುತ್ತಾಳೆ. ಕಪ್ಪಾಗಿದೆ. ನಾನು ಎದ್ದ ಕೂಡಲೇ ಅವಳದು ಒಂದೇ ಪ್ರಶ್ನೆ — ಇವತ್ತು ಯಾವ ನಕ್ಷತ್ರ?

ಪದ್ಮಾಬಾಯಿ ದಿನಕ್ಕೆ ನಾಲ್ಕು ಸಲ ಶುಂಠಿ ಕಷಾಯ ತಂದು ಹೊಸ್ತಿಲಲ್ಲಿ ಇಡುತ್ತಾರೆ. ಅವ್ವನ ಮುಖ ನೋಡುವ ಧೈರ್ಯವಿಲ್ಲ ಅವರಿಗೆ.

೧೫, ಗುರುವಾರ

ಕಾರ್ತಿಕ ಏಕಾದಶಿ.

“ಏಕಾದಶಿ ಸಾವು ಭಾಳ ಪುಣ್ಯ ಅಂತಾರ” ಎಂದಳು ಅವ್ವ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, “ನಮಗ ಬ್ಯಾಡ. ಬಾಡಗಿ ಮನಿ.”

ನಗು ಬಂತು. ಹಿತ್ತಿಲಿಗೆ ಹೋಗಿ ಅತ್ತೆ.

೧೬, ಶುಕ್ರವಾರ. ಮಧ್ಯಾಹ್ನ ೨

ಇನ್ನು ನೋಡಲಾಗಲಿಲ್ಲ. ನಾಲ್ಕು ದಿನದ ನಿದ್ದೆ ಆ ಕಣ್ಣಿನಲ್ಲಿ. ಉಸಿರಿಗೊಮ್ಮೆ ಕೇಳುತ್ತಾಳೆ, “ಬಿಟ್ತೇನೋ?”

“ಬಿಟ್ತವ್ವ. ಅಶ್ವಿನಿ ಹತ್ತೇದ. ಮಕ್ಕೋ.”

ಸುಳ್ಳು. ರೇವತಿ ನಾಳೆ ಬೆಳಗಿನ ತನಕ ಇದೆ. ಒಂದು ತಾಸು ಮಲಗಲಿ ಎಂದು ಹೇಳಿದೆ. ಮಲಗಿದರೆ ಶಕ್ತಿ ಬಂದೀತು, ರಾತ್ರಿ ದಾಟೀತು...

ನನ್ನ ಕೆನ್ನೆ ಸವರಿದಳು. “ಬಾಯಿಗಿ ಹೇಳು, ಪಾಪ, ಅಂಜ್ಯಾರ” ಎಂದಳು. ಕಾಲು ಚಾಚಿದಳು. ಮಲಗಿದ್ದಾಳೆ. ಉಬ್ಬಸವೂ ಇಳಿದಿದೆ.

ಅದೇ ದಿನ, ಸಂಜೆ ೬

ಐದಕ್ಕೆ ಹೋದಳು. ಏಳಲೇ ಇಲ್ಲ.

ಪದ್ಮಾಬಾಯಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದರು. ಬಯ್ಯುತ್ತಾರೆ ಅಂದುಕೊಂಡೆ. ಅವ್ವನ ಕಾಲು ಹಿಡಿದು ಕೂತರು.

“ನನ್ನ ಸಲುವಾಗಿ ಎಷ್ಟು ತಡದ್ರೋ ಜಯತೀರ್ಥ. ಒಂದು ರಾತ್ರಿ ಸಾಲ್ದಂಗಾತು. ಅವರದೇನು ತಪ್ಪು?”

ಈಗ ಅವರು ದೇವರ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಯಾರ ಮನೆಗೆ ಹೋಗುತ್ತೀರಿ ಎಂದು ಕೇಳಿದೆ. ಗೊತ್ತಿಲ್ಲವಂತೆ.

ಅವರಿಗೆ ಹೇಳಬೇಕು. ಬಾಯಿ, ಅವ್ವ ತಡೆದಿದ್ದಳು, ಬೆಳಗಿನ ತನಕ ತಡೆಯುತ್ತಿದ್ದಳು, ನಾನೇ...