ಓಟಗಾರರ ಸುರಂಗ

ಮೌಂಟನ್ ವ್ಯೂ
ಜುಲೈ 11, 1984

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗ್ರೀಸಿನ ಬಿಸಿಲಿಗೆ ನಿನ್ನ ಅರೆತಲೆನೋವು ಹೆಚ್ಚಿಲ್ಲ ತಾನೇ? ನಾನು ಆರಾಮ. ಅಪ್ಪನ ಮಂಡಿನೋವು ಹಾಗೇ ಇದೆ. ಆದರೂ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕಾರ್ಪೆಟ್ ಮೇಲೆ ಹತ್ತು ಬಸ್ಕಿ ಹೊಡೆಯದೆ ಕಾಫಿ ಮುಟ್ಟುವುದಿಲ್ಲ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿನ ಪೈಲ್ವಾನರು ಮೈಗೆ ಎಣ್ಣೆ ಹಚ್ಚಿ, ಮೇಲೆ ಮಣ್ಣು ಎರಚಿಕೊಂಡು ಅಖಾಡಕ್ಕಿಳಿಯುತ್ತಿದ್ದರು ಎಂದು ನೀನು ಬರೆದದ್ದನ್ನು ಓದಿ ಹೇಳಿದೆ. "ನಮ್ಮ ಮೈಸೂರಿನ ಗರಡೀನೇ ಕಣಮ್ಮ ಅದು" ಎಂದು ಖುಷಿಪಟ್ಟರು.

ಆದರೆ ನೀನು ಕಳಿಸಿದ ಫೋಟೋಗಳು ನನ್ನ ನೆಮ್ಮದಿ ಕೆಡಿಸಿವೆ. ಆ ಕಾಲದ ಓಟಗಾರರು ಮೈದಾನಕ್ಕೆ ಬರುತ್ತಿದ್ದ ಕಲ್ಲಿನ ಸುರಂಗದ ಚಾವಣಿ ನೋಡು. ಮೇ ತಿಂಗಳ ಫೋಟೋದಲ್ಲಿ ಬಿರುಕು ಕೂದಲೆಳೆಯಷ್ಟಿದೆ. ಜೂನಿನದರಲ್ಲಿ ನೀನು ನಗುತ್ತಾ ಅದರೊಳಗೆ ನಾಲ್ಕು ಬೆರಳು ತೂರಿಸಿದ್ದೀಯ. ಸ್ಯಾನ್ ಫ್ರಾನ್ಸಿಸ್ಕೋದ ಹಳೇ ಇಟ್ಟಿಗೆ ಕಟ್ಟಡಗಳು ಭೂಕಂಪಕ್ಕೆ ತಡೆಯುತ್ತವೆಯೇ ಎಂದು ನೋಡುವುದೇ ನನ್ನ ಕೆಲಸವಲ್ಲವೇ? ಇಂಥ ಬಿರುಕು ಕಂಡರೆ ನಾವು ಆ ದಿನವೇ ಬಾಗಿಲಿಗೆ ಬೀಗ ಹಾಕಿಸುತ್ತೇವೆ. ನಿನ್ನ ಜೊತೆ ಉತ್ಖನನದಲ್ಲಿದ್ದ ಶೇಷಗಿರಿ ವಾಪಸು ಬಂದವನು ಭಾನುವಾರ ಮನೆಗೆ ಬಂದಿದ್ದ. ಸುರಂಗದ ಬಾಯಿಯಿಂದ ಎರಡು ಕಲ್ಲು ಕಳಚಿ ಬಿದ್ದವಂತೆ. ನೀನು ಆ ಸುದ್ದಿಯನ್ನೇ ಬರೆಯಲಿಲ್ಲ. ಗೋಡೆಯ ಮೇಲೆ ಓಟಗಾರರು ಗೀಚಿದ ಹೆಸರುಗಳನ್ನು ನಕಲು ಮಾಡಲು ಆಗಸ್ಟ್ ಮೊದಲ ವಾರ ನೀನೊಬ್ಬನೇ ಮತ್ತೆ ಒಳಗೆ ಹೋಗುತ್ತೀಯಂತೆ. "ಹೇಳ್ದೆ ವಸುಧಾ, ಅವ್ರು ಕೇಳಲ್ಲ" ಎಂದ. ನೀನಿರುವ ಹಳ್ಳಿಯ ಕಾಫಿ ಅಂಗಡಿಗೆ ಮೂರು ಸಲ ಫೋನು ಮಾಡಿದೆ. ಒಮ್ಮೆ ಮಾತ್ರ ಲೈನು ಸಿಕ್ಕಿತು. ನಿನ್ನ ಹೆಸರು ಹೇಳಿದ ಕೂಡಲೇ ಆಚೆಯವನು ಗ್ರೀಕಿನಲ್ಲಿ ಏನೋ ಗೊಣಗಿ ಇಟ್ಟುಬಿಟ್ಟ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಹೊತ್ತು ಹೊತ್ತಿಗೆ ಉಣ್ಣು. ಅಪ್ಪ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ ತಂಗಿ,
ವಸುಧಾ

ಮರೆಯುವ ಮುನ್ನ: ಕವರು ಅಂಟಿಸುವ ಮೊದಲು ಅಪ್ಪನಿಗೆ ಕಾಗದ ಓದಿದೆ. ಕೇಳಿ ಮುಗಿಸಿ ಬಾಯಿಬಿಟ್ಟರು. ನಂಜುಂಡಸ್ವಾಮಿ ಚಿಕ್ಕಪ್ಪ ಜ್ವರದಿಂದ ತೀರಿಕೊಂಡರು ಎಂದು ನಮಗೆ ಹೇಳಿದ್ದು ಸುಳ್ಳಂತೆ. ನೀನು ಹುಟ್ಟುವ ಹಿಂದಿನ ವರ್ಷ ಮಳೆಗೆ ಗರಡಿಮನೆಯ ಗೋಡೆ ಕುಸಿಯಿತು. ಎಲ್ಲರೂ ಹೊರಗೋಡಿ ಬಂದಿದ್ದರು. "ಬೀಳೋದು ಬಿದ್ದಾಯ್ತಲ್ಲ, ಗದೆ ತಗೊಂಡ್ ಬಾ ಅಂತ ಅವನನ್ನ ನಾನೇ ಒಳಕ್ಕೆ ಕಳಿಸ್ದೆ" ಎಂದರು. ಆಮೇಲೆ ಚಾವಣಿ ಕೆಳಗೆ ಬಂತು. ಮಕ್ಕಳ ಮುಂದೆ ಈ ಮಾತು ಎತ್ತಬಾರದು ಎಂದು ಅಜ್ಜಿ ಆಣೆ ಹಾಕಿಸಿದ್ದರಂತೆ. "ಆಣೆ ಮುರಿದಿದೀನಿ ಅಂತ ಅವನಿಗೆ ಬರಿ" ಎಂದು ಹೇಳಿ ಅಪ್ಪ ಗೋಡೆಯ ಕಡೆ ತಿರುಗಿ ಕೂತಿದ್ದಾರೆ.