ಆಪ್ತರ ಸಹಿಯಿಲ್ಲದೆ ಮೊಳೆಯದ ಕೂದಲು

ಜಾಬ್ರಿಯಾದ ಆಸ್ಪತ್ರೆಯೊಂದರ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಭಾನುವಾರ ಬೆಳಿಗ್ಗೆ ತಮ್ಮ ಆಸ್ಪತ್ರೆ ನನ್ನನ್ನು ಆಪರೇಷನ್ ಕೋಣೆಯ ಬಾಗಿಲಿನಿಂದ ವಾಪಸು ಕಳಿಸಿತು. ನನಗೆ ಜ್ವರವಿರಲಿಲ್ಲ, ರಕ್ತದೊತ್ತಡವೂ ಸರಿಯಾಗಿತ್ತು. ಕೊರತೆಯಾದದ್ದು ಒಬ್ಬ ಮನುಷ್ಯ. ತಮ್ಮ ಫಾರಂನಲ್ಲಿ 'ರೋಗಿಯನ್ನು ಮನೆಗೆ ಕರೆದೊಯ್ಯುವ ಬಂಧು ಅಥವಾ ಆಪ್ತರು' ಎಂಬ ಸಾಲಿದೆಯಲ್ಲ, ಅದನ್ನು ತುಂಬಲು ನನ್ನಿಂದಾಗಲಿಲ್ಲ. ತಾವು ನಮ್ಮ ಕಡೆಯವರೇ ಎಂದು ಕೇಳಿ ತಿಳಿದು, ನಮ್ಮ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನನ್ನ ಎಡಗಿವಿಯ ಮೇಲೆ, ಹಣೆಯ ಪಕ್ಕದಲ್ಲಿ, ಮಗುವಿಗೆಂದು ಹೊಯ್ದ ನೀರುದೋಸೆಯನ್ನು ಮಡಚಿಟ್ಟಂತೆ ಮೂರು ಮೂಲೆಯ ಬೋಳು ಜಾಗವಿದೆ. ಹುಟ್ಟಿದಾಗಿನಿಂದ ಅಲ್ಲಿ ಕೂದಲು ಬಂದೇ ಇಲ್ಲ. ಇದು ಅಂಟುವುದಿಲ್ಲ, ಎಣ್ಣೆ ಔಷಧಿಗಳಿಗೆ ಬಗ್ಗುವುದೂ ಇಲ್ಲ, ತಲೆಯ ಹಿಂಭಾಗದ ಕೂದಲನ್ನು ಬೇರುಸಮೇತ ತೆಗೆದು ನೆಟ್ಟರೆ ಬೆಳೆಯಬಹುದು ಎಂದು ತಮ್ಮ ವೈದ್ಯರು ವಿವರಿಸಿದರು. ಅಮ್ಮನ ನಂತರ ಆ ಜಾಗವನ್ನು ಮುಟ್ಟಿದವರು ಅವರೇ. ನನಗೆ ಅಳು ಬಂತು. ಲೈಟು ಕಣ್ಣಿಗೆ ಹೊಡೆಯುತ್ತಿದೆ ಎಂದು ಸುಳ್ಳು ಹೇಳಿದೆ.

ಇನ್ನು ಆಪ್ತರ ವಿಚಾರ. ನಾನು ಹನ್ನೊಂದು ವರ್ಷದಿಂದ ಈ ಗಲ್ಫಿನಲ್ಲಿ, ಶುಐಬಾದ ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದೇನೆ. ನಮ್ಮಂಥ ಒಂಟಿ ಗಂಡಸರ ರೂಮುಗಳಲ್ಲಿ ಶುಕ್ರವಾರ ಬೆಳಿಗ್ಗೆ ತಲೆಕೂದಲು ಕತ್ತರಿಸುವ ಪದ್ಧತಿಯಿದೆ. ಪ್ಯಾಸೇಜಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಹಳೇ ಪೇಪರು, ಎಲ್ಲರಿಗೂ ಒಂದೇ ಟ್ರಿಮ್ಮರ್. ಕತ್ತರಿಸಿಕೊಂಡವನು ಮುಂದಿನವನಿಗೆ ಕತ್ತರಿಸಬೇಕು. ಊರಿನ ಸುದ್ದಿ, ವೀಸಾ ಕೊಟ್ಟ ಧಣಿ ಕಫೀಲನ ಮೇಲಿನ ಸಿಟ್ಟು, ಹೆಂಡತಿಯ ಮುನಿಸು ಎಲ್ಲವೂ ಬಾಯಿಗೆ ಬರುವುದು ಆ ಕುರ್ಚಿಯಲ್ಲೇ. ನಾನು ಅದರಲ್ಲಿ ಕುಳಿತದ್ದು ಒಮ್ಮೆ ಮಾತ್ರ. ನನ್ನ ತಲೆ ನೋಡಿದವನು "ಹುಳಕಡ್ಡಿ ಉಂಟು ಇವನಿಗೆ" ಎಂದು ಟ್ರಿಮ್ಮರನ್ನು ಡೆಟಾಲಿನಲ್ಲಿ ಅದ್ದಿದ. ಆಮೇಲೆ ರೂಮು ಬದಲಿಸಿದೆ, ಟೊಪ್ಪಿ ಹಾಕಿದೆ. ಈಗ ಕೆಲಸದಲ್ಲಿ ಹೆಲ್ಮೆಟ್, ರೂಮಿನಲ್ಲಿ ಟೊಪ್ಪಿ. ಶುಕ್ರವಾರ ಬಟ್ಟೆ ಒಗೆಯುವ ನೆಪ ಹೇಳಿ ಹೊರಗೆ ಹೋಗುತ್ತೇನೆ. ವಾರಕ್ಕೆ ಎಷ್ಟು ಬಟ್ಟೆ ಇರುತ್ತದೆಂದು ಯಾರೂ ಕೇಳಿಲ್ಲ.

ಆದರೂ ತಮ್ಮ ಫಾರಂಗಾಗಿ ಧೈರ್ಯ ಮಾಡಿ, ಪಕ್ಕದ ಮಂಚದ ಸಿರಿಲನನ್ನು ಕೇಳಿದೆ. ಮೂರು ವರ್ಷದಿಂದ ನಾವಿಬ್ಬರೂ ಬೇರೆ ಬೇರೆ ಪಾಳಿ.

"ಅಷ್ಟೆಯಾ ಮಾರಾಯ? ಬರ್ತೇನೆ. ಎಂತ ಆಪರೇಷನ್?"

"ಸಣ್ಣದು," ಎಂದೆ.

ಕೌಂಟರಿನಲ್ಲಿ ನರ್ಸ್ ಮೆಲಿಶಾ ಅವನನ್ನು ಕೇಳಿದರು, "ಪೇಷಂಟಿನ ಪೂರ್ತಿ ಹೆಸರು ಹೇಳಿ."

ಸಿರಿಲ್ ನನ್ನ ಮುಖ ನೋಡಿದ. "ರೂಮಲ್ಲಿ ನಾವು ಟೊಪ್ಪಿ ಭಾಯಿ ಅಂತ ಕರೆಯುವುದು, ಸಿಸ್ಟರ್."

"ಎಂತ ಆಪರೇಷನ್ ಅಂತ ಆದ್ರೂ ಗೊತ್ತುಂಟಾ?"

"ಹರ್ನಿಯಾ ಇರಬೇಕು."

ಹೆಸರೇ ಗೊತ್ತಿಲ್ಲದವರನ್ನು ಆಪ್ತರೆಂದು ಬರೆಯಲಾಗದು ಎಂದು ಮೆಲಿಶಾ ಬೇಸರದಿಂದಲೇ ಹೇಳಿದರು. ಖಲಾಸ್, ಫೈಲು ಮುಚ್ಚಿತು. ಅವರನ್ನಾಗಲಿ ಸಿರಿಲನನ್ನಾಗಲಿ ನಾನು ದೂರುವುದಿಲ್ಲ. ಹೆಸರು ಹೇಳದವನು ನಾನು.

ಮಾನ್ಯರೇ, ನಿಯಮ ನನ್ನ ಸುರಕ್ಷತೆಗಾಗಿಯೇ ಇರಬಹುದು. ಮಂಪರಿನ ಔಷಧಿ ಕೊಟ್ಟವನನ್ನು ಒಬ್ಬನೇ ರಸ್ತೆಗೆ ಬಿಡಬಾರದು, ಒಪ್ಪಿದೆ. ಆದರೆ ಅದಕ್ಕೆ ಬಂಧುವೋ ಆಪ್ತರೋ ಆಗಲೇಬೇಕೆ? ಇಲ್ಲಿ ಬಂಧುಗಳನ್ನು ಕರೆಸಲು ವೀಸಾ ಬೇಕು, ಆಪ್ತರನ್ನು ಸಂಪಾದಿಸಲು ತಲೆ ತೋರಿಸಬೇಕು. ತಲೆ ತೋರಿಸಲಾಗದ್ದಕ್ಕೇ ಅಲ್ಲವೇ ನಾನು ತಮ್ಮಲ್ಲಿಗೆ ಬಂದದ್ದು? ಗುಣವಾದ ಮೇಲೆ ಬಾ, ಚಿಕಿತ್ಸೆ ಕೊಡುತ್ತೇವೆ ಎನ್ನುವ ಆಸ್ಪತ್ರೆಯನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ?

ನನ್ನ ಬೇಡಿಕೆ ಸಣ್ಣದು. ಮಂಪರು ಇಳಿಯುವವರೆಗೆ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಿ. ಆ ಸಾಲಿನಲ್ಲಿ ತಮ್ಮ ಸಿಬ್ಬಂದಿಯೊಬ್ಬರು ಸಹಿ ಹಾಕಿ, ನನ್ನನ್ನು ರೂಮಿನವರೆಗೆ ಬಿಟ್ಟುಬರಲಿ. ನನ್ನಂಥವರು ಈ ಊರಿನಲ್ಲಿ ಇನ್ನೂ ಇದ್ದಾರೆ, ಅವರಿಗೂ ಅಷ್ಟೇ ಮಾಡಿ.

ನಿನ್ನೆ ಶುಕ್ರವಾರ. ಸಿರಿಲ್ ಪ್ಯಾಸೇಜಿನಲ್ಲಿ ಕುರ್ಚಿ ಹಾಕಿ, ಮೊದಲ ಬಾರಿಗೆ ಹೆಸರು ಹಿಡಿದು ಕರೆದ. "ಬಾ ರೋಹಿದಾಸ, ಕೂತ್ಕೋ."

ಒಗೆಯುವುದುಂಟು ಎಂದು ಖಾಲಿ ಬಕೆಟ್ ಹಿಡಿದು ಹೊರಟೆ. ಅವನು ಇನ್ನೊಮ್ಮೆ ಕರೆಯುವಷ್ಟರಲ್ಲಿ ನನಗೊಂದು ತಾರೀಕು ಕೊಡಿ.

ಇಂತಿ,
ರೋಹಿದಾಸ
(ರೋಗಿಯೊಂದಿಗಿನ ಸಂಬಂಧ: ಸದ್ಯಕ್ಕೆ ನಾನೊಬ್ಬನೇ)